ಸೋನಿಯ ಹಳೆ ಗೇಮ್ ಯಂತ್ರ ಪ್ಲೇಸ್ಟೇಷನ್ 2ರ (ಪಿಎಸ್2) ಡಿಸ್ಕ್ ಹೊಸ ಪಿಎಸ್5ನಲ್ಲಿ ಓಡಲ್ಲ, ಆದರೆ ಕೆಲವು ಪಿಎಸ್2 ಗೇಮ್‌ಗಳು ಪಿಎಸ್5ರ ಆನ್‌ಲೈನ್ ಸ್ಟೋರ್‌ನಲ್ಲಿ ದುಡ್ಡಿಗೆ ಸಿಗುತ್ತವೆ. ಯಾಕೆ?

ಡಿಸ್ಕ್‌ನಲ್ಲಿ ಗೇಮ್ ಮಾತ್ರ ಇದೆ. ಸ್ಟೋರ್‌ನವರು ಕೊಡುವ ಪ್ರತಿಯಲ್ಲಿ ಗೇಮ್ ಜೊತೆ ಎಮ್ಯುಲೇಟರ್ ಕೂಡ ಇರುತ್ತದೆ, ಅಂದರೆ ಹಳೆ ಯಂತ್ರದ ವೇಷ ಹಾಕುವ ಪ್ರೋಗ್ರಾಂ.

ಪಿಎಸ್2ರ ಚಿಪ್‌ಗೆ ಬರೆದ ಆದೇಶ ಪಿಎಸ್5ರ ಚಿಪ್‌ಗೆ ಅರ್ಥವಾಗುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಮಲಯಾಳ ಫಾರಂ ಕೈಗೆ ಬಂದರೆ ಪಕ್ಕದವರು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳುತ್ತಾರಲ್ವಾ, ಎಮ್ಯುಲೇಟರ್ ಮಾಡುವುದೂ ಅದನ್ನೇ. ಆದರೆ ಸುಮ್ನೆ ಹೇಳಿದರೆ ಸಾಲದು, ಸಮಯವೂ ಕೂಡಿಬರಬೇಕು. ಪಿಎಸ್2ರೊಳಗೆ ಲೆಕ್ಕ, ಚಿತ್ರ, ಸದ್ದಿಗೆ ಬೇರೆ ಬೇರೆ ಚಿಪ್‌ಗಳು ಒಟ್ಟಿಗೇ ಓಡುತ್ತಿದ್ದವು. ಒಂದು ಚೂರು ಹಿಂದೆ ಬಿದ್ದರೂ ಸದ್ದು ತೊದಲುತ್ತದೆ, ಚಿತ್ರ ಚಿಂದಿಯಾಗುತ್ತದೆ. ಹಾಗಾಗಿ ಪ್ರತಿ ಗೇಮನ್ನೂ ಆಡಿ ನೋಡಿ ಸರಿಪಡಿಸಬೇಕು. ಖರ್ಚು ಜಾಸ್ತಿ, ಅದಕ್ಕೇ ಎಲ್ಲವೂ ಬರುವುದಿಲ್ಲ. 2006ರ ಮೊದಲ ಪಿಎಸ್3ಗಳಲ್ಲಿ ಪಿಎಸ್2ರ ಚಿಪ್‌ಗಳನ್ನೇ ಕೂರಿಸಿದ್ದರು. ದುಬಾರಿಯಾಯಿತೆಂದು ಆಮೇಲೆ ತೆಗೆದರು.

ಗೇಮ್ ಯಾರದ್ದು ಎಂಬ ಹಕ್ಕಿನ ತಕರಾರು ಇದಕ್ಕಿಂತ ದೊಡ್ಡ ತಲೆನೋವು ಅನ್ನುವುದು ನನ್ನ ಅಭಿಪ್ರಾಯ. ನಿಂಟೆಂಡೊ ಯಂತ್ರಕ್ಕೆ ಬಂದಿದ್ದ 1997ರ ಜೇಮ್ಸ್ ಬಾಂಡ್ ಗೇಮ್ 'ಗೋಲ್ಡನ್‌ಐ 007' ಹೊಸ ಕನ್ಸೋಲ್‌ಗಳಿಗೆ (ಗೇಮ್ ಯಂತ್ರಗಳಿಗೆ) ಬಂದದ್ದು 2023ರಲ್ಲಿ. ನಿಂಟೆಂಡೊ, ಮೈಕ್ರೋಸಾಫ್ಟ್, ಬಾಂಡ್ ಹಕ್ಕುದಾರರು, ಎಲ್ಲರೂ ಒಪ್ಪಬೇಕಿತ್ತು.

ಗಲ್ಫ್‌ನಿಂದ ಮಾವ ತಂದ ಪಿಎಸ್2 ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ಆಡಿದ ಆಟವನ್ನು ಉಳಿಸಿಟ್ಟಿರುವ ಅದರ ಮೆಮೊರಿ ಕಾರ್ಡ್ ಚುಚ್ಚಲು ಪಿಎಸ್5ನಲ್ಲಿ ಜಾಗವೇ ಇಲ್ಲ.