ಚರ್ಚ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದರೆ ಮುಂದೆ ಬೆಳೆಯಲು ಆಗುತ್ತದೆಯೇ?

ನೀವು ಕಾಸರಗೋಡಿನ ಬದಿಯಡ್ಕ ಕಡೆಯವರು, ಮಂಗಳೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ್ದೀರಿ, ಲೇಬರ್ ರೂಮ್ ಕೆಲಸ ಇಷ್ಟ. ಸಿಸ್ಟರ್‌ಗಳು, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು, ನಡೆಸುವ ಆಸ್ಪತ್ರೆಯಿಂದ ಕರೆ ಬಂದಿದೆ. "ಸೇವೆ ಅಂತ ಹೇಳಿ ದುಡಿಸಿಕೊಳ್ಳುತ್ತಾರೆ, ಮೇಲೆ ಬರಲು ಬಿಡುವುದಿಲ್ಲ" ಎಂದು ಗೆಳತಿಯರು ಹೆದರಿಸಿದ್ದಾರೆ, ನಿಜವೇ ಎಂದು ಕೇಳಿದ್ದೀರಿ.

ನಾನು ಕುಂಬಳೆ ಕಡೆಯವಳು. ಕೆಲಸ ಮಾಡಿದ್ದೆಲ್ಲ ಇಂಥ ಆಸ್ಪತ್ರೆಗಳಲ್ಲೇ, ಜಾಸ್ತಿ ವರ್ಷ ಹೆರಿಗೆ ವಾರ್ಡಿನಲ್ಲಿ. ನನ್ನ ಉತ್ತರ: ಸೇರಿ. ಆದರೆ ಹೊಸ ನರ್ಸ್‌ಗೆ ಅಲ್ಲಿ ಕಲಿಸುವವರು ಯಾರು ಎಂದು ಮೊದಲು ವಿಚಾರಿಸಿ.

ನನಗೆ ಕಲಿಸಿದವರು ಒಬ್ಬರು ಹಿರಿಯ ಸಿಸ್ಟರ್. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ನನ್ನ ಕೈ ಹಿಡಿದು ಬಾಣಂತಿಯ ಹೊಕ್ಕುಳ ಕೆಳಗೆ ಇಟ್ಟರು. "ಗರ್ಭಕೋಶ ಎಳನೀರು ಬೊಂಡದ ಹಾಗೆ ಗಟ್ಟಿ ಸಿಗಬೇಕು. ಮೆತ್ತಗಾಯಿತೋ, ತಕ್ಷಣ ಉಜ್ಜು, ಪ್ಯಾಡ್ ನೋಡು, ಕೂಗಿ ಕರೆ" ಎಂದರು. ಕಾಲು ಗಂಟೆಗೊಮ್ಮೆ ಮುಟ್ಟಿ ನೋಡಿಸಿದರು. ಪಕ್ಕದ ಬೆಡ್‌ನಲ್ಲೂ ಅದೇ. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರನ್ನು ಕೊಲ್ಲುವ ದೊಡ್ಡ ಕಾರಣ ಎಂದು ಪುಸ್ತಕದಲ್ಲಿ ಓದಿದ್ದೆ. ಅದನ್ನು ಬೆರಳ ತುದಿಯಲ್ಲಿ ಹಿಡಿಯುವುದನ್ನು ಕಲಿತದ್ದು ಅವರಿಂದ. ಹೊಸಬರ ಜೊತೆ ಹೀಗೆ ನಿಲ್ಲುವವರು ಇರುವ ಆಸ್ಪತ್ರೆ ಒಳ್ಳೆಯ ಆಸ್ಪತ್ರೆ. ಮೊದಲ ವಾರವೇ ಒಬ್ಬಳನ್ನೇ ನೈಟ್ ಡ್ಯೂಟಿಗೆ ಹಾಕುವ ಕಡೆ ಹೋಗಬೇಡಿ, ಎಷ್ಟೇ ಸಂಬಳ ಕೊಡಲಿ.

ಕಲಿಸುವ ಈ ರೂಢಿ ನಮ್ಮ ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಹಳೆಯದು. ಆಸ್ಟ್ರೇಲಿಯಾದ ಡಾಕ್ಟರ್ ಮೇರಿ ಗ್ಲೌರಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ಅಲ್ಲಿನ ಹೆಣ್ಣುಮಕ್ಕಳಿಗೇ ನರ್ಸಿಂಗ್, ಹೆರಿಗೆ ಕೆಲಸ ಕಲಿಸಿದರು. 1943ರಲ್ಲಿ ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದ್ದೂ ಅವರೇ. ಸನ್ಯಾಸಿನಿಯರು ಹೆರಿಗೆ ಮಾಡಿಸುವುದಕ್ಕೆ ವ್ಯಾಟಿಕನ್ ಎಲ್ಲರಿಗೂ ಅನ್ವಯಿಸುವಂತೆ ಒಪ್ಪಿಗೆ ಕೊಟ್ಟದ್ದು 1936ರಲ್ಲಿ. ಅದಕ್ಕೂ ಮೊದಲೇ ಮೇರಿ ಗ್ಲೌರಿ ವಿಶೇಷ ಅನುಮತಿ ಪಡೆದು ಕೆಲಸ ಶುರು ಮಾಡಿದ್ದರು.

ಇನ್ನು ನಿಮ್ಮ ಗೆಳತಿಯರ ಮಾತು. ಅದರಲ್ಲಿ ಸತ್ಯ ಇದೆ. ನಾನಿದ್ದ ಒಂದು ಕಡೆ ಜನ ಕಡಿಮೆಯಾದಾಗಲೆಲ್ಲ ಎರಡು ಡ್ಯೂಟಿ ಒಟ್ಟಿಗೆ ಮಾಡಿಸುತ್ತಿದ್ದರು. ಕೇಳಿದರೆ ತ್ಯಾಗದ ಪಾಠ ಹೇಳುತ್ತಿದ್ದರು. ನಾನೂ ಚರ್ಚಿನ ಪೂಜೆಗೆ ತಪ್ಪದೆ ಹೋಗುವವಳು, ಆದರೆ ಇದನ್ನು ಒಪ್ಪಲು ನನ್ನಿಂದ ಆಗಲೇ ಇಲ್ಲ. ದುಡಿದವನಿಗೆ ಬದುಕಲು ಸಾಲುವಷ್ಟು ಕೂಲಿ ಕೊಡುವುದು ನ್ಯಾಯ ಎಂದು ಪೋಪ್ 13ನೇ ಲಿಯೋ 1891ರಲ್ಲೇ ಬರೆದಿದ್ದಾರೆ. ಧರ್ಮದ ಹೆಸರಿನಲ್ಲಿ ಸಂಬಳ ಕಡಿಮೆ ಮಾಡುವವರು ಆ ಧರ್ಮದ ಮಾತನ್ನೇ ಮೀರುತ್ತಿದ್ದಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಆ ಸಮಿತಿ ಹೇಳಿತು. ಕೇರಳದಲ್ಲಿ ನರ್ಸ್‌ಗಳ ಹೋರಾಟದ ನಂತರ 2018ರಲ್ಲಿ 20,000 ಮೂಲ ವೇತನ ನಿಗದಿಯಾಯಿತು. ಸಂಬಳದ ಮಾತನ್ನು ಸಂಕೋಚ ಇಲ್ಲದೆ ಆಡಿ. ಬಾಂಡ್ (ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಕರಾರು) ಅಂತ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಎಂದರೆ ಖಂಡಿತ ಕೊಡಬೇಡಿ.

ಮೇಲೆ ಬರುವ ವಿಷಯ. ಹಿಂದೆ ಎಲ್ಲ ಇನ್‌ಚಾರ್ಜ್ ಕೆಲಸ ಸನ್ಯಾಸಿನಿಯರಿಗೇ ಹೋಗುತ್ತಿತ್ತು. ಈಗ ಮಠಕ್ಕೆ ಸೇರುವ ಹುಡುಗಿಯರೇ ಕಡಿಮೆ. ಹಾಗಾಗಿ ನಿಮ್ಮಂಥವರನ್ನು, ಯಾವ ಜಾತಿ ಧರ್ಮದವರಾದರೂ, ಬೆಳೆಸಲೇಬೇಕು. "ಕಲಿಸಿದರೆ ಗಲ್ಫ್‌ಗೆ ಹಾರುತ್ತಾರೆ" ಎಂದು ಆಡಳಿತದವರು ಗೊಣಗುವುದನ್ನು ತುಂಬಾ ಕೇಳಿದ್ದೇನೆ. ಕಲಿಸದೆ ಇಟ್ಟುಕೊಂಡರೆ ನಷ್ಟ ಯಾರಿಗೆ? ಬೆಡ್ ಮೇಲಿರುವ ತಾಯಿಗೆ ಅಲ್ವಾ?

ಲೇಬರ್ ರೂಮಿನಲ್ಲೇ ಮುಂದುವರಿಯುವ ಆಸೆ ಇದ್ದರೆ ಒಂದು ದಾರಿ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಮಿಡ್‌ವೈಫರಿಗೆ, ಅಂದರೆ ಹೆರಿಗೆ ಆರೈಕೆಗೆ, ಮಾರ್ಗಸೂಚಿ ತಂದಿತು. ಅನುಭವ ಇರುವ ಜಿಎನ್‌ಎಂ, ಬಿಎಸ್‌ಸಿ ನರ್ಸ್‌ಗಳಿಗೆ 18 ತಿಂಗಳ ತರಬೇತಿ, ಅದು ಮುಗಿದರೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ. ಇಲ್ಲವಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಇದಕ್ಕೆ ರಜೆ ಕೊಡುತ್ತೀರಾ, ವಾಪಸ್ ಬಂದರೆ ಹೆರಿಗೆ ವಾರ್ಡಿನಲ್ಲೇ ಇಡುತ್ತೀರಾ ಎಂದು ಇಂಟರ್‌ವ್ಯೂನಲ್ಲೇ ಕೇಳಿ. ಕಲಿತು ಬಂದವಳನ್ನು ಒಪಿಡಿಗೆ ಹಾಕಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಇನ್ನೊಂದು ಮಾತು. ಈ ಆಸ್ಪತ್ರೆಗಳಲ್ಲಿ ಗರ್ಭಪಾತ ಮಾಡುವುದಿಲ್ಲ, ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಕೂಡ ಇಲ್ಲ. ಎರಡನೇ ಹೆರಿಗೆಗೆ ಬಂದವರು ನಿಮ್ಮ ಹತ್ತಿರವೇ ಇದನ್ನು ಕೇಳುತ್ತಾರೆ. ಇಲ್ಲಿ ಆಗುವುದಿಲ್ಲ ಎಂದು ನೇರವಾಗಿ, ಮರ್ಯಾದೆಯಿಂದ, ಆದಷ್ಟು ಮೊದಲೇ ತಿಳಿಸಿ. ಅವರನ್ನು ಬೈಯುವ ಹಕ್ಕು ನಮಗಿಲ್ಲ.

ಕಾಸರಗೋಡಿನವರಾದ್ದರಿಂದ ನಿಮ್ಮ ಕೈಯಲ್ಲಿ ದೊಡ್ಡ ಆಸ್ತಿ ಇದೆ. ಪೈವಳಿಕೆಯ ತುಳು, ಉಪ್ಪಳದ ಬ್ಯಾರಿ, ನೀರ್ಚಾಲಿನ ಕನ್ನಡ, ಚೆರ್ವತ್ತೂರಿನ ಮಲಯಾಳ, ಇವೆಲ್ಲ ನಿಮ್ಮ ಕಿವಿಗೆ ಬಿದ್ದೇ ಬೆಳೆದಿದ್ದೀರಿ. ನೋವು ಬಂದಾಗ ಹೆಂಗಸು ಮನೆಮಾತಿನಲ್ಲೇ ಕೂಗುವುದು. 2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕ-ಕೇರಳ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಊರಿನವರು ಪಟ್ಟ ಪಾಡು ನಿಮಗೂ ನೆನಪಿರಬಹುದು. ಒಳ್ಳೆಯ ಹೆರಿಗೆ ನರ್ಸ್‌ಗಳು ಗಡಿಯ ಈಚೆಗೂ ಬೇಕು.

ಮುಂದೆ ಊರಿಗೆ ಬರುವ ಮನಸ್ಸಿದ್ದರೆ ಈಗಲೇ ಕಾಗದಪತ್ರ ಸರಿ ಮಾಡಿಕೊಳ್ಳಿ. ಕರ್ನಾಟಕದಲ್ಲಿ ಕಲಿತ ನಿಮ್ಮ ರಿಜಿಸ್ಟ್ರೇಷನ್ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನದ್ದು. ಕೇರಳದಲ್ಲಿ ಕೆಲಸ ಮಾಡಲು ಇಲ್ಲಿನ ಕೌನ್ಸಿಲ್‌ನಲ್ಲೂ ಹೆಸರು ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇಂಟರ್‌ವ್ಯೂ ದಿನ ಸ್ವಲ್ಪ ಬೇಗ ಹೋಗಿ, ನೈಟ್ ಮುಗಿಸಿ ಹೊರಗೆ ಬರುವ ಹುಡುಗಿಯರನ್ನು ಮಾತಾಡಿಸಿ. ಸಂಬಳ, ರಜೆ, ಹಾಸ್ಟೆಲ್ ಬಗ್ಗೆ ಅವರು ಏನಂದರು ಎಂದು ಇಲ್ಲಿ ಬರೆದರೆ ಮುಂದಿನದ್ದು ಹೇಳುತ್ತೇನೆ.