ಆಪಲ್ ಇಂಡಿಯಾದಲ್ಲಿ ಸ್ವಂತ ಅಂಗಡಿ ತೆಗೆಯೋಕೆ 2023ರ ತನಕ ಯಾಕೆ ಕಾಯ್ತು?

ಮುಖ್ಯ ಕಾರಣ ಎಫ್‌ಡಿಐ (ವಿದೇಶಿ ನೇರ ಹೂಡಿಕೆ) ರೂಲ್ಸು. ಒಂದೇ ಬ್ರ್ಯಾಂಡ್ ಮಾರೋ ಅಂಗಡೀಲಿ ವಿದೇಶಿ ಬಂಡವಾಳ 51% ದಾಟಿದ್ರೆ, ಖರೀದಿ ಮಾಡೋ ಮಾಲಲ್ಲಿ 30% ಇಲ್ಲೇ ಕೊಂಡಿರಬೇಕು ಅನ್ನೋ ಕಂಡೀಷನ್ ಇತ್ತು, ಆದ್ರೆ ಆಗ ಐಫೋನೆಲ್ಲ ಬರ್ತಿದ್ದಿದ್ದೇ ಚೀನಾದಿಂದ, 30% ಎಲ್ಲಿಂದ ತರೋದು ಹೇಳಿ? ಅದಕ್ಕೆ ಡಿಸ್ಟ್ರಿಬ್ಯೂಟರ್‌ಗಳಿಗೆ ಹೋಲ್‌ಸೇಲಲ್ಲಿ ಕೊಟ್ಟು, ರೀಸೆಲ್ಲರ್ ಅಂಗಡಿಗಳ ಮೂಲಕ ಮಾರ್ತಿದ್ರು. ನಾವು ಎಷ್ಟೋ ಜನ ಅದನ್ನೇ ಆಪಲ್ ಅಂಗಡಿ ಅಂದ್ಕೊಂಡಿದ್ವಿ ಬಿಡಿ.

2017ರಲ್ಲಿ ವಿಸ್ಟ್ರಾನ್ ಕಂಪ್ನಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಿಸೋಕೆ ಶುರು ಮಾಡ್ತು, ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಫ್ಯಾಕ್ಟರಿ ಬಂತು (ಈಗ ಅದು ಟಾಟಾದ್ದು). 2019ರಲ್ಲಿ ಸರ್ಕಾರ ರೂಲ್ಸ್ ಸಡಿಲ ಮಾಡ್ತು, ಎಕ್ಸ್‌ಪೋರ್ಟ್‌ಗೆ ಅಂತ ಇಲ್ಲಿ ಕೊಂಡಿದ್ದೂ ಆ 30% ಲೆಕ್ಕಕ್ಕೆ ಬರುತ್ತೆ, ಅಂಗಡಿ ತೆಗೆಯೋಕೆ ಮುಂಚೇನೇ ಆನ್‌ಲೈನ್ ಮಾರಬಹುದು ಅಂತ. ನನ್ನ ಪ್ರಕಾರ ಅಸಲಿ ದಾರಿ ತೆರೆದಿದ್ದು ಇದೇ. 2020 ಸೆಪ್ಟೆಂಬರಲ್ಲಿ ಆನ್‌ಲೈನ್ ಸ್ಟೋರ್ ಬಂತು, 2023 ಏಪ್ರಿಲಲ್ಲಿ ಮುಂಬೈ, ಎರಡೇ ದಿನ ಬಿಟ್ಟು ದಿಲ್ಲಿ. ಫೋನ್ ಜೋಡಿಸಿದ ನಮ್ಮ ಬೆಂಗಳೂರಿಗೆ ಮಾತ್ರ ಅಂಗಡಿ ಬಂದಿದ್ದು 2025ರ ಸೆಪ್ಟೆಂಬರಲ್ಲಿ, ಹೆಬ್ಬಾಳದ ಹತ್ರ ಶಾಪಿಂಗ್ ಮಾಲ್‌ನಲ್ಲಿ.