ಡೌನ್ ಸಿಂಡ್ರೋಮ್ ಇರುವ ಮಗನನ್ನು ನಡೆಸಲು ಸ್ಮಾರ್ಟ್ ವಾಚ್ ಸಾಕಾ?

ಮಗನಿಗೆ 22 ವರ್ಷ, ಡೌನ್ ಸಿಂಡ್ರೋಮ್ ಇದೆ, ತೂಕ ಏರುತ್ತಿದೆ, ವಾಕಿಂಗ್ ಅಂದರೆ ಒಪ್ಪುವುದಿಲ್ಲ, ಮಂಡ್ಯದಲ್ಲಿದ್ದೇವೆ, ಸ್ಮಾರ್ಟ್ ವಾಚ್ ಕೊಡಿಸಿದರೆ ನಡೆಯುತ್ತಾನಾ ಅಂತ ಕೇಳಿದ್ದೀರಿ. ವಾಚ್ ಒಂದರಿಂದಲೇ ಆಗುವುದು ಕಷ್ಟ. ಆದರೆ ನಿಮ್ಮ ಕೈಯಲ್ಲಿರುವ ಫೋನಿನಿಂದ ಬಹಳ ಮಾಡಬಹುದು. ಮೈಸೂರಿನ ಒಂದು ವಿಶೇಷ ಶಾಲೆಯಲ್ಲಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ.

ಮೊದಲು ಡಾಕ್ಟರ ಹತ್ತಿರ ಥೈರಾಯ್ಡ್ ಮತ್ತು ಹೃದಯ ಎರಡನ್ನೂ ನೋಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಹೃದಯದ ತೊಂದರೆಯೊಂದಿಗೇ ಹುಟ್ಟುತ್ತಾರೆ. ಥೈರಾಯ್ಡ್ ಕಡಿಮೆ ಇದ್ದರೆ ತೂಕ ಏರುತ್ತದೆ, ಸುಸ್ತಾಗುತ್ತದೆ. ನಾವು ಸುಮ್ನೆ ಸೋಮಾರಿ ಅಂತ ಬೈಯುತ್ತೇವೆ. ಕತ್ತಿನ ಮೂಳೆಯ ಕೀಲು ಸಡಿಲ ಇರುವ ಸಾಧ್ಯತೆಯೂ ಇದೆ. ಹಾಗಾಗಿ ಯೋಗಕ್ಕೆ ಸೇರಿಸಿದರೂ ಲಾಗ, ಶೀರ್ಷಾಸನ, ಸರ್ವಾಂಗಾಸನ ಬೇಡ.

ವಾಚ್ ತೋರಿಸುವುದು ಅಂಕಿ. 6000 ದೊಡ್ಡದೋ 8000 ದೊಡ್ಡದೋ ಗೊತ್ತಾಗದವನಿಗೆ ಅದರಲ್ಲಿ ಏನು ಖುಷಿ ಸಿಗುತ್ತದೆ? ದಿನಕ್ಕೆ 10,000 ಹೆಜ್ಜೆ ಅನ್ನುವುದು ಕೂಡ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ತನ್ನ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ನಿಧಾನಕ್ಕೆ ಕಾಲೆಳೆದು ನಡೆಯುವವರ ಹೆಜ್ಜೆಗಳನ್ನು ಇಂಥ ಯಂತ್ರಗಳು ಕಡಿಮೆ ಎಣಿಸುತ್ತವೆ. ಎದೆಬಡಿತದ ಲೆಕ್ಕದಲ್ಲೂ ತೊಡಕಿದೆ. ಡೌನ್ ಸಿಂಡ್ರೋಮ್ ಇರುವವರು ಎಷ್ಟೇ ಶ್ರಮಪಟ್ಟರೂ ಸಾಮಾನ್ಯವಾಗಿ ಎದೆಬಡಿತ ಬೇರೆಯವರಷ್ಟು ಏರುವುದಿಲ್ಲ. ಎದೆಬಡಿತ ಹೆಚ್ಚೆಂದರೆ ಎಷ್ಟು ಏರಬಹುದು ಅಂತ 220ರಲ್ಲಿ ವಯಸ್ಸು ಕಳೆದು ಹಾಕುವ ಲೆಕ್ಕ ಅವರಿಗೆ ಹೊಂದುವುದಿಲ್ಲ. ಇನ್ನೂ ಜೋರಾಗಿ ನಡಿ ಅಂತ ವಾಚ್ ಹೇಳಿದರೆ ದಯವಿಟ್ಟು ಕೇಳಬೇಡಿ. ಮಾತಾಡುತ್ತಾ ನಡೆಯಲು ಆಗುತ್ತಿದೆಯಾ, ಅಷ್ಟು ನೋಡಿಕೊಳ್ಳಿ.

ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಅವರವರದೇ ವಿಡಿಯೊ. ಒಬ್ಬ ಹುಡುಗ ಯೂಟ್ಯೂಬಿನ ವ್ಯಾಯಾಮ ಹಾಕಿದರೆ ಕೂತಲ್ಲಿಂದ ಏಳುತ್ತಿರಲಿಲ್ಲ. ಅದರಲ್ಲಿ ಹೇಳಿಕೊಡುವವರದು ವೇಗ ಜಾಸ್ತಿ, ಮಾತೆಲ್ಲ ಇಂಗ್ಲಿಷು. ಕೊನೆಗೆ ಅವನದೇ ವಿಡಿಯೊ ತೆಗೆದೆವು. ಕೈ ಎತ್ತುವುದು, ನಿಂತಲ್ಲೇ ಮಾರ್ಚ್ ಮಾಡುವುದು, ಚೆಂಡು ಎಸೆಯುವುದು, ಒಂದೊಂದೂ ಬೇರೆ ಬೇರೆ. ನಾನು ಮೊಣಕೈ ಹಿಡಿದು ಮಾಡಿಸಿದ ಭಾಗ ಕತ್ತರಿಸಿ, ಅವನು ಒಬ್ಬನೇ ಮಾಡಿದ್ದನ್ನಷ್ಟೇ ಉಳಿಸಿ, ಟಿವಿಯಲ್ಲಿ ಹಾಕಿದೆವು. ಬೆರಳು ತೋರಿಸಿ ತನ್ನ ಹೆಸರನ್ನು ತಾನೇ ಕೂಗಿದ. ಎದ್ದು ಟಿವಿ ಹತ್ತಿರ ಹೋದ. ಅಲ್ಲಿ ಕೈ ಎತ್ತಿದಾಗ ಇಲ್ಲೂ ಎತ್ತಿದ. ಈಗ ರಜೆಯಲ್ಲೂ ಅಮ್ಮನ ಫೋನ್ ತಂದು ಅದನ್ನೇ ಹಾಕು ಅಂತಾನಂತೆ. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ ಅಲ್ವಾ? ನೀವು ಇದರಿಂದಲೇ ಶುರು ಮಾಡಿ.

ಹೊರಗೆ ನಡೆಸುವಾಗ ಹಾಡು ಬಳಸಿ. ಅವನಿಗೆ ಇಷ್ಟವಾದದ್ದನ್ನು ಅವನೇ ಆರಿಸಲಿ, ಚಿಕ್ಕ ಬ್ಲೂಟೂತ್ ಸ್ಪೀಕರ್ ನಿಮ್ಮ ಚೀಲದಲ್ಲಿರಲಿ. ನಡೆದರೆ ಹಾಡು, ನಿಂತರೆ ಹಾಡೂ ನಿಲ್ಲುತ್ತದೆ ಅಂತ ಮೊದಲೇ ಹೇಳಿ, ಆಟದ ಹಾಗೆ. ಸಂಜೆ ಏನೋ ಕೊಡಿಸುತ್ತೇನೆ ಅಂದರೆ ಅಲ್ಲಿವರೆಗೆ ಕಾಯುವುದು ಅವರಿಗೆ ಕಷ್ಟ. ಖುಷಿ ಆ ಕ್ಷಣಕ್ಕೇ ಸಿಗಬೇಕು. ಸುಸ್ತಾಗಿ ನಿಂತರೆ ಮಾತ್ರ ಕೂರಿಸಿ, ಹಾಡು ಮುಂದುವರಿಯಲಿ.

ಮಂಡ್ಯದಲ್ಲಿ ಸರ್ ಎಂ.ವಿ. ಕ್ರೀಡಾಂಗಣದ ಕಡೆ ಪ್ರಯತ್ನಿಸಿ. ನಾಲೆ ಏರಿ ಮೇಲೆ ಬೇಡ. ಕಿವಿಗೆ ಇಯರ್‌ಫೋನೂ ಬೇಡ, ಹಿಂದಿನಿಂದ ಕಬ್ಬಿನ ಟ್ರಾಕ್ಟರ್ ಬಂದರೆ ಕೇಳಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ ಹೇಳಿದೆ. ಅದರ ಜೊತೆಗೆ, ಸ್ವಲ್ಪ ಮಾಡಿದರೂ ಏನೂ ಮಾಡದಿರುವುದಕ್ಕಿಂತ ಒಳ್ಳೆಯದು ಅಂತಲೂ ಹೇಳಿದೆ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ದಿನಾ ಒಂದೇ ಹೊತ್ತಿಗೆ ಹೊರಡಿ. ಅವನು ಇಷ್ಟಪಡುವ ಅಕ್ಕನೋ ಮಾವನೋ ದೂರದ ಊರಲ್ಲಿದ್ದರೆ ನಡೆಯುವಾಗಲೇ ವಿಡಿಯೊ ಕಾಲ್ ಮಾಡಿ. ಎಲ್ಲಿದ್ದೀಯಾ, ಏನು ಕಾಣ್ತಿದೆ ತೋರಿಸು ಅಂತ ಅವರು ಕೇಳಲಿ, ಫೋನ್ ಅವನ ಕೈಯಲ್ಲೇ ಇರಲಿ.